ಕಟ್ ಅಂದಮೇಲೆ

ಹಲ್ಲಿನಿಂದ ಕಪ್ಪು ಟೇಪು ಹರಿದು ಕೆಂಪು ದೀಪದ ಮೇಲೆ ಅಂಟಿಸಿ, ಎದ್ದು ಬರದ ಹಾಗೆ ಸುತ್ತಲೂ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದ ಮೇಲೆ ಅವನಿಗೆ ಸ್ವಲ್ಪ ಹಾಯೆನಿಸಿತು. ಪರೀಕ್ಷೆಗೆಂದು ಕ್ಯಾಮೆರಾ ಚಾಲೂ ಮಾಡಿದಾಗಲೆಲ್ಲ ಆ ದೀಪ ಹೊತ್ತಿಕೊಂಡು, ನಾನು ಕೆಲಸ ಮಾಡುತ್ತಿದ್ದೇನೆ ನೋಡಿ ಎಂದು ಮನೆಗೆಲ್ಲ ಸಾರುತ್ತಿತ್ತು. ನಿಜವಾಗಿ ಕೆಲಸ ಮಾಡುವವರು ಹಾಗೆ ಸಾರಿಕೊಳ್ಳುವುದಿಲ್ಲ ಎಂಬುದು ಅವನ ಅಭಿಪ್ರಾಯ. ಎಂಟು ವರ್ಷದಿಂದ ಅವನಿಗೆ ಕೆಲಸವಿರಲಿಲ್ಲ.

"ಸರ್, ಅದು ರೆಕಾರ್ಡಿಂಗ್ ಲೈಟು," ಎಂದ ನಿರ್ದೇಶಕ.

"ಗೊತ್ತು."

"ಮುಚ್ಚಿಬಿಟ್ರೆ ಆನ್ ಆಗಿದ್ಯೋ ಇಲ್ವೋ ಹೇಗೆ ಗೊತ್ತಾಗುತ್ತೆ?"

"ಗುಂಡಿ ಒತ್ತಿದವನಿಗೆ ಗೊತ್ತಿರುತ್ತೆ."

ನಿರ್ದೇಶಕ ತಲೆಯಾಡಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಹದಿನಾಲ್ಕು ವರ್ಷದ ಹಿಂದೆ ಸಿನಿಮಾ ಶಾಲೆಯ ಮೂರನೆಯ ಬೆಂಚಿನಲ್ಲೂ ಹೀಗೆಯೇ ಬರೆದುಕೊಳ್ಳುತ್ತಿದ್ದ ಹುಡುಗ ಇವನು. ಬೆಳಕಿನ ಪಾಠದಲ್ಲಿ ಬಂದದ್ದು ನಲವತ್ತೊಂದು ಅಂಕ. ಅದರಲ್ಲಿ ಆರು ಅಂಕ, ಆಗ ಅಲ್ಲಿ ಮೇಷ್ಟ್ರಾಗಿದ್ದ ಅವನೇ ಕನಿಕರದಿಂದ ಹಾಕಿದ್ದು. ಈಗ ಹುಡುಗನಿಗೆ ಗಡ್ಡ ಬಂದಿತ್ತು, ದುಡ್ಡು ಹಾಕುವ ಮಾವ ಸಿಕ್ಕಿದ್ದರು. ಹೋದ ವಾರ ಫೋನು ಮಾಡಿ, "ಒಂದು ದಿನ ನೋಡೋಣ ಸರ್. ಸರಿ ಹೋದ್ರೆ ಉಳಿದ ಇಪ್ಪತ್ತು ದಿನಾನೂ ನೀವೇ," ಎಂದಿದ್ದ. ನೋಡೋಣ ಅಂದರೆ ಪರೀಕ್ಷೆ ಎಂಬುದು ಮೇಷ್ಟ್ರಾಗಿದ್ದವನಿಗೆ ತಿಳಿಯದ್ದೇನಲ್ಲ. ಮನೆಯಲ್ಲಿ ಮಾತ್ರ, ಹಳೆಯ ಶಿಷ್ಯ ಬಿಡದೆ ಗೋಗರೆದ ಎಂದು ಹೇಳಿದ್ದ. ಹೆಂಡತಿ ನಂಬಿದವಳಂತೆ ಮುಖ ಮಾಡಿ, ಅಂಗಿಗೆ ಇಸ್ತ್ರಿ ಹಾಕಿಕೊಟ್ಟಿದ್ದಳು.

ನೀನು ಅನ್ನಬೇಕೋ ನೀವು ಅನ್ನಬೇಕೋ ತೀರ್ಮಾನವಾಗದೆ, ಬೆಳಗ್ಗೆಯಿಂದ ಅವನು ನಿರ್ದೇಶಕನ ಜೊತೆ ಎರಡನ್ನೂ ಬಿಟ್ಟು ಮಾತಾಡುತ್ತಿದ್ದ.

"ಒಂದು ಮಾತು ಸರ್. ಕ್ಯಾಮೆರಾ ನಿಲ್ಲಿಸೋದೇ ಬೇಡ. ಓಡ್ತಾನೇ ಇರಲಿ. ಡಿಜಿಟಲ್ ಅಲ್ವಾ, ಏನು ಗಂಟು ಹೋಗುತ್ತೆ?"

"ಆಕ್ಷನ್ ಅಂದಾಗ ಆನ್. ಕಟ್ ಅಂದಾಗ ಆಫ್. ಮಧ್ಯದಲ್ಲಿರೋದು ಸಿನಿಮಾ. ಉಳಿದದ್ದು ಸಂಸಾರ."

ನಿರ್ದೇಶಕ ಅದನ್ನೂ ಬರೆದುಕೊಂಡ.

ಇದು ಜಂಬದ ಮಾತಾಗಿರಲಿಲ್ಲ, ಅಥವಾ ಬರೀ ಜಂಬದ್ದಾಗಿರಲಿಲ್ಲ. ಫಿಲಂ ಕಾಲದಲ್ಲಿ ಅವನಿಗೆ 'ಒಂದೇ ಟೇಕ್' ಎಂದೇ ಹೆಸರು. ಕಚ್ಚಾ ಫಿಲಂ ಡಬ್ಬಿಗಳನ್ನು ನಿರ್ಮಾಪಕರು ಮಂಚದ ಕೆಳಗಿಟ್ಟು ಮಲಗುತ್ತಿದ್ದ ದಿನಗಳು ಅವು. ಆಗ ಕ್ಯಾಮೆರಾ ಓಡಿದರೆ ಹೊಲಿಗೆ ಯಂತ್ರದ ಹಾಗೆ ಸದ್ದು; ಆ ಸದ್ದು ಕಿವಿಗಿಂತ ಮೊದಲು ಕೆನ್ನೆಯ ಮೂಳೆಗೆ ಗೊತ್ತಾಗುತ್ತಿತ್ತು. ಸದ್ದು ಶುರುವಾದರೆ ಇಡೀ ಸೆಟ್ಟು ಉಸಿರು ಹಿಡಿಯುತ್ತಿತ್ತು, ನಿಂತರೆ ಕೆಮ್ಮುತ್ತಿತ್ತು. ಈ ಹೊಸ ಯಂತ್ರ ಆನ್ ಆದರೂ ಮೌನ, ಆಫ್ ಆದರೂ ಮೌನ. ಮುನಿಸಿಕೊಂಡ ನೆಂಟರ ಜೊತೆ ಕೂತ ಹಾಗೆ. ಸಾಲದ್ದಕ್ಕೆ ಕಣ್ಣಿಟ್ಟು ನೋಡುವ ಅದರ ಕಿಂಡಿಯೊಳಗೆ ಚಿತ್ರದ ಸುತ್ತ ಅಂಕಿ, ಅಕ್ಷರ, ಬಾಣ, ಬ್ಯಾಟರಿ. ಚಿತ್ರದ ಮೇಲೆ ಬರೆಯುವುದು ಅಸಭ್ಯ ಎಂದು ಅವನು ಅವೆಲ್ಲವನ್ನೂ ಆರಿಸಿಬಿಟ್ಟ. ನಿರ್ದೇಶಕನ ಟಿವಿ ತೆರೆಯ ತಂತಿಯನ್ನೂ ಕಿತ್ತ. ಕ್ಯಾಮೆರಾದವನು ನೋಡಿದ ಮೇಲೆ ಇನ್ನೊಬ್ಬರು ನೋಡುವುದೇನಿದೆ.

ಚಿತ್ರೀಕರಣಕ್ಕೆ ಹಿಡಿದಿದ್ದು ಎರಡನೆಯ ಮಹಡಿಯ ಬಾಡಿಗೆ ಮನೆ. ಅಡುಗೆಮನೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಪಕ್ಕದ ಕಟ್ಟಡದ ಗೋಡೆ ಕಾಣುವ ಕಿಟಕಿ. ಆ ಗೋಡೆಗೆ ಬಿಸಿಲು ಬಿದ್ದು ತಿರುಗಿ ಒಳಗೆ ಬರುತ್ತಿತ್ತು. ಬಳಸಿದ ಬೆಳಕು. ಅವನಿಗೆ ಅದು ತುಂಬ ಹಿಡಿಸಿತು.

ಪಾತ್ರ ಒಂದೇ: ವಯಸ್ಸಾದ ಒಂಟಿ ಹೆಂಗಸು. ಅದನ್ನು ಮಾಡುತ್ತಿದ್ದ ಹಿರಿಯ ನಟಿಯೂ ಫಿಲಂ ಕಾಲದವರು. ಐದು ಗಂಟೆಗೆ ಹೊರಡುತ್ತೇನೆಂದು ಬರುವಾಗಲೇ ಹೇಳಿದ್ದರು, ಹೇಳಿದರೆಂದರೆ ಹೊರಡುವವರು. ಬೆಳಗ್ಗೆ ಬಾಗಿಲು ತೆಗೆಯುವ ದೃಶ್ಯ ಆಯಿತು, ನಲ್ಲಿ ತಿರುಗಿಸುವ ದೃಶ್ಯ ಆಯಿತು. ಆಕ್ಷನ್ ಅಂದಾಗ ಅವನು ಗುಂಡಿ ಒತ್ತಿದ. ಕಟ್ ಅಂದಾಗ ಒತ್ತಿದ. ಹನ್ನೊಂದಕ್ಕೆ ಕಾಗದದ ದೃಶ್ಯ ಬಂತು.

ದೃಶ್ಯದಲ್ಲಿ ಅಂಥದ್ದೇನೂ ಇರಲಿಲ್ಲ. ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ತಂಗಿಯಿಂದ ಕಾಗದ ಬರುತ್ತದೆ, ಅಕ್ಕ ಓದುತ್ತಾಳೆ, ಅಷ್ಟೆ. ಕಾಗದದಲ್ಲಿ ಏನಿದೆಯೆಂದು ಸಿನಿಮಾ ಹೇಳುವುದಿಲ್ಲ. ಹಿರಿಯ ನಟಿ ಓದಿದರು. ಮಡಿಸಿದರು. ಇನ್ನೊಮ್ಮೆ ಮಡಿಸಿದರು. ಮತ್ತೆ, ಮತ್ತೆ. ಕಾಗದ ಸುಪಾರಿ ಪೊಟ್ಟಣದಷ್ಟು ಸಣ್ಣದಾಗಿ, ಇನ್ನು ಮಡಿಸಲು ಬರುವುದಿಲ್ಲ ಎನ್ನುವಂತಾಯಿತು. ಆಮೇಲೂ ಒಂದು ಸಲ ಪ್ರಯತ್ನಿಸಿದರು. ಬೆರಳುಗಳು ಸೋತವು. ಆಗ ಕಿಟಕಿಯ ಬಳಸಿದ ಬೆಳಕು, ಯಾರೋ ಹೇಳಿ ಕಳಿಸಿದ ಹಾಗೆ, ಆಕೆಯ ಗಲ್ಲದಿಂದ ಮೆಲ್ಲಗೆ ಇಳಿದು ಆ ಬೆರಳುಗಳ ಮೇಲೆ ಬಂದು ನಿಂತಿತು.

ಅವನಿಗೆ ಕಿಂಡಿಯೊಳಗೆ ಎಲ್ಲ ಮಂಜಾಯಿತು. ಕಣ್ಣೀರು ಎಂದು ಗೊತ್ತಾಗಲು ಹೊತ್ತು ಹಿಡಿಯಿತು. ಅಪ್ಪ ಸತ್ತಾಗಲೂ ಅವನು ಬೆಳಕು ಎಲ್ಲಿಂದ ಬರುತ್ತಿದೆಯೆಂದು ನೋಡುತ್ತ ನಿಂತವನು. ಇಂಥ ಮೂರು ನಿಮಿಷ ಮೂವತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ. ಎಂಟು ವರ್ಷ ಮನೆಯಲ್ಲಿ ಕೂತದ್ದು ಇದಕ್ಕೇ ಇರಬೇಕು ಎಂದುಕೊಂಡ. ಬದುಕು ಮೊದಲ ಸಲ ಲೆಕ್ಕಕ್ಕೆ ಸರಿಹೋದಂತೆ ಕಂಡಿತು.

"ಕಟ್," ಎಂದ ನಿರ್ದೇಶಕ, ಸಣ್ಣ ದನಿಯಲ್ಲಿ.

ಅವನು ಗುಂಡಿ ಒತ್ತಿದ.

"ಇನ್ನೊಂದು ಟೇಕ್, ಸುಮ್ನೆ ಇರಲಿ ಅಂತ?" ಎಂದು ನಿರ್ದೇಶಕ ಅವನ ಮುಖ ನೋಡಿದ.

"ಬೇಡ. ಸಿಕ್ತು."

ಹೊರಗಿನ ಕಾರಿಡಾರಿಗೆ ಹೋಗಿ ಹೆಂಡತಿಗೆ ಫೋನು ಮಾಡಿದ. ಆಮೇಲೆ ಸಣ್ಣಪುಟ್ಟ ಏಳೆಂಟು ಶಾಟುಗಳನ್ನು, ಆಗಲೇ ಪಾಸಾದವನ ಉದಾರತೆಯಿಂದ, ಮುಗಿಸಿದ.

ಊಟದ ಹೊತ್ತಿಗೆ ಲ್ಯಾಬ್ ಮೇಡಂ ಅವನನ್ನು ಒಳಗಿನ ಕೋಣೆಗೆ ಕರೆದರು. ಕ್ಯಾಮೆರಾದ ಕಾರ್ಡಿನಿಂದ ಚಿತ್ರಗಳನ್ನು ಕಂಪ್ಯೂಟರಿಗೆ ತುಂಬುವುದು ಅವರ ಕೆಲಸ. ಹಿಂದೆ ಹನ್ನೆರಡು ವರ್ಷ ಫಿಲಂ ತೊಳೆಯುವ ಲ್ಯಾಬಿನಲ್ಲಿ, ಕತ್ತಲ ಕೋಣೆಯಲ್ಲಿದ್ದವರು. ಲ್ಯಾಬು ಮುಚ್ಚಿದರೂ ಹೆಸರು ಉಳಿದಿತ್ತು. ಇಸ್ತ್ರಿ ಮೇಜಿನ ಮೇಲೆ ಕಂಪ್ಯೂಟರು ಇಟ್ಟುಕೊಂಡಿದ್ದರು.

"ಬಾಗಿಲು ಹಾಕಿ ಬನ್ನಿ," ಎಂದರು.

"ಯಾಕೆ, ಏನಾಯ್ತು?"

"ನೋಡಿ."

ತೆರೆಯ ತುಂಬ ಅವನ ಮುಖವೇ ಬಂತು. ಹಲ್ಲಿನ ಮಧ್ಯೆ ಉಳಿದ ಕಪ್ಪು ಟೇಪಿನ ಚೂರು, ಮೂಗಿನ ಹೊಳ್ಳೆಗಳು ಎರಡು ಗುಹೆಗಳು. ಮುಖ ಸರಿಯಿತು. ಖಾಲಿ ಅಡುಗೆಮನೆ. 'ಗುಂಡಿ ಒತ್ತಿದವನಿಗೆ ಗೊತ್ತಿರುತ್ತೆ' ಎಂಬ ದನಿ. ಎಷ್ಟೋ ಹೊತ್ತು ಖಾಲಿ ಅಡುಗೆಮನೆ. ನಟಿ ಬಂದು ಬಾಗಿಲ ಬಳಿ ನಿಂತರು. ನಿರ್ದೇಶಕನ ದನಿ, 'ಆಕ್ಷನ್.' ಅಲ್ಲಿಗೆ ಆ ತುಂಡು ಮುಗಿಯಿತು.

ಅವನು ತೆರೆಯ ಹತ್ತಿರಕ್ಕೆ ಬಗ್ಗಿದ.

"ಟೇಪು ಒತ್ತುವಾಗ ಬೆರಳು ಗುಂಡಿಗೂ ತಾಗಿದೆ," ಎಂದರು ಲ್ಯಾಬ್ ಮೇಡಂ. "ಆಗ್ಲೇ ಆನ್ ಆಗಿದೆ. ಆಮೇಲೆ ಆಕ್ಷನ್ ಅಂದಾಗೆಲ್ಲ ಆಫ್, ಕಟ್ ಅಂದಾಗೆಲ್ಲ ಆನ್. ಹನ್ನೊಂದು ತುಂಡು. ಹನ್ನೊಂದೂ ಉಲ್ಟಾ."

"ಕಾಗದದ್ದು?"

"ಕಾಗದ ಮಡಿಸಿ ಆದ ಮೇಲಿಂದ ಇದೆ."

ಅವನು ಇಸ್ತ್ರಿ ಮೇಜನ್ನು ಹಿಡಿದುಕೊಂಡ. ಓಡುತ್ತಲೇ ಇರಲಿ ಎಂದು ಬಿಟ್ಟಿದ್ದರೆ ಎಲ್ಲವೂ ಇರುತ್ತಿತ್ತು. ನಲವತ್ತೊಂದು ಅಂಕದವನ ಮಾತು ಕೇಳಿದ್ದರೆ ಸಾಕಿತ್ತು. ಮೂವತ್ತು ವರ್ಷದ ಶಿಸ್ತು ಅತ್ಯಂತ ಶಿಸ್ತಾಗಿ, ಒಂದು ಕ್ಷಣವೂ ಹೆಚ್ಚುಕಡಿಮೆಯಾಗದ ಹಾಗೆ, ಇಡೀ ಸಿನಿಮಾವನ್ನು ಹೊರಗಿಟ್ಟು ಸಂಸಾರವನ್ನಷ್ಟೇ ಹಿಡಿದುಕೊಟ್ಟಿತ್ತು.

"ಫಿಲಂ ಆಗಿದ್ರೆ ಲ್ಯಾಬಲ್ಲಿ ಹಾಳಾಯ್ತು ಅಂದುಬಿಡ್ತಿದ್ರಿ," ಎಂದರು ಲ್ಯಾಬ್ ಮೇಡಂ, ದೂರಿನ ದನಿಯಲ್ಲೇನೂ ಅಲ್ಲ. "ಎಷ್ಟು ಜನರ ತಪ್ಪು ಹೊತ್ತಿದ್ದೀವಿ ನಾವು. ಈಗ ಹೊರೋಕೆ ಯಾರೂ ಇಲ್ಲ ನೋಡಿ."

"ಹೇಳಿಬಿಡ್ತೀನಿ. ಇನ್ನೊಂದು ಸಲ ಮಾಡಿ ಅಂತ ಅಮ್ಮನ್ನ ಕೇಳ್ತೀನಿ. ಐದರ ತನಕ ಇರ್ತಾರಲ್ಲ."

"ಹೇಳಿ. ಊಟ ಆದ ಮೇಲೆ ಹೇಳಿ. ಅವರೂ ತಿನ್ನಲಿ, ನೀವೂ ತಿನ್ನಿ."

ಹೇಳಿದರೆ ಇಪ್ಪತ್ತು ದಿನವೂ ಹೋಯಿತು, ಹೆಸರೂ ಹೋಯಿತು. ಹೇಳದಿದ್ದರೆ ಆ ಮೂರು ನಿಮಿಷ ಹೋಯಿತು. ಇಷ್ಟು ಸರಳವಾದ ಪ್ರಶ್ನೆಯನ್ನು ಅವನು ತರಗತಿಯಲ್ಲಿ ಯಾರಿಗೂ ಕೊಟ್ಟಿರಲಿಲ್ಲ. ಹೇಳುವುದೆಂದೇ ನಿಶ್ಚಯಿಸಿ, ಗಂಟಲು ಸರಿಮಾಡಿಕೊಂಡು, ಬಾಗಿಲು ತೆರೆದ. ಎದುರಿಗೇ ನಿರ್ದೇಶಕ ತಟ್ಟೆ ಹಿಡಿದು ನಿಂತಿದ್ದ, ಬೆನ್ನಿಗೆ ಮಾವ.

"ಕಾಗದದ ಶಾಟ್ ನೋಡೋಣ ಅಂತ ಬಂದ್ವಿ ಸರ್."

"ಅದರಲ್ಲಿ ಒಂದು ತಪ್ಪು..."

"ನೀವು ಯಾವಾಗ್ಲೂ ಹೀಗೇ. ತಪ್ಪು ನಿಮಗೆ ಮಾತ್ರ ಕಾಣುತ್ತೆ," ಎನ್ನುತ್ತ ನಿರ್ದೇಶಕ ಅವನನ್ನು ದಾಟಿಕೊಂಡು ಹೋಗಿ ತಾನೇ ಗುಂಡಿ ಒತ್ತಿದ.

'ಇನ್ನೊಂದು ಟೇಕ್, ಸುಮ್ನೆ ಇರಲಿ ಅಂತ?' ಎಂಬ ನಿರ್ದೇಶಕನ ದನಿಯಿಂದ ತುಂಡು ಶುರುವಾಯಿತು. ನಟಿಯ ಭುಜ ಇಳಿಯಿತು. 'ನನ್ನ ಕನ್ನಡಕ ಎಲ್ಲಿ, ಹತ್ತಿರದ್ದೇನೂ ಕಾಣ್ಸಲ್ಲ' ಎಂದರು. ದೊಡ್ಡದಾಗಿ ಆಕಳಿಸಿದರು. ಎಡ ಮೊಣಕಾಲು ಹಿಡಿದುಕೊಂಡು ನೀವಿಕೊಂಡರು. ಮೇಜು ಅಲ್ಲಾಡಿತು. ಆಕೆ ಬಗ್ಗಿ ನೋಡಿ, ಕೈಯಲ್ಲಿದ್ದ ತಂಗಿಯ ಕಾಗದವನ್ನು, ಆ ಗಟ್ಟಿ ಮಡಿಕೆಯನ್ನು, ಮೇಜಿನ ಗಿಡ್ಡ ಕಾಲಿನ ಕೆಳಗೆ ಸಿಕ್ಕಿಸಿ, ಅಲ್ಲಾಡಿಸಿ ನೋಡಿ, 'ಈಗ ಸರಿ' ಎಂದರು.

ನಿರ್ದೇಶಕನ ತುತ್ತು ಬಾಯಿಯ ಬಳಿಯೇ ನಿಂತಿತು.

"ನಾನು ಹೇಳ್ತಾ ಇದ್ದದ್ದು," ಎಂದ ಅವನು.

"ಏನೂ ಹೇಳ್ಬೇಡಿ ಸರ್. ವಿವರಿಸಿದ್ರೆ ಸತ್ತುಹೋಗುತ್ತೆ." ನಿರ್ದೇಶಕನ ಕಣ್ಣು ಒದ್ದೆಯಾಗಿತ್ತು. "ಇಪ್ಪತ್ತು ವರ್ಷದ ಜಗಳ, ಮೇಜಿನ ಕಾಲಿಗೆ. ನಾನು ಆರು ತಿಂಗಳು ಬರೆದೆ, ನನಗೆ ಹೊಳೆದಿಲ್ಲ. ನೀವು ಕಟ್ ಆದ ಮೇಲೆ ಹಿಡಿದಿದ್ದೀರಿ. ಬೇಕಂತಲೇ."

ಲ್ಯಾಬ್ ಮೇಡಂ ಕಿಟಕಿಯಾಚೆ ನೋಡಿದರು. ಅಲ್ಲಿ ಗೋಡೆ ಬಿಟ್ಟರೆ ಏನೂ ಇರಲಿಲ್ಲ.

ತುಂಡು ಇನ್ನೂ ಓಡುತ್ತಿತ್ತು. ಖಾಲಿ ಅಡುಗೆಮನೆಯ ಆಚೆಯಿಂದ ಮಾವನ ದನಿ ಸ್ಪಷ್ಟವಾಗಿ ಕೇಳಿಸಿತು: 'ಈ ಮುದುಕನ್ನ ಇವತ್ತಿಗೇ ಸಾಗಹಾಕಪ್ಪ. ಟಿವಿ ವೈರು ಕಿತ್ತಿದ್ದಾನೆ. ಎಂಥಾ ಕೊಬ್ಬು.' ಕೋಣೆಯಲ್ಲಿ ಮೂವರೂ ಮಾವನ ಕಡೆ ನೋಡಲಿಲ್ಲ. ಮಾವ ತಮ್ಮ ತಟ್ಟೆ ನೋಡಿಕೊಂಡರು.

"ಎಷ್ಟು ನಿಜವಾಗಿದೆ," ಎಂದ ನಿರ್ದೇಶಕ.

ಆಮೇಲೆ ಕಾರಿಡಾರಿನಿಂದ ಅವನದೇ ದನಿ ಬಂತು. ಚಿತ್ರದ ಅಂಚಿನಲ್ಲಿ, ಬಾಗಿಲ ಸಂದಿಯಲ್ಲಿ, ಒಂದು ಬೆನ್ನು. 'ಹೌದು ಕಣೇ. ಎಲ್ಲ ನನ್ನ ಸುತ್ತಾನೇ ನಿಂತಿದ್ದಾರೆ. ಹುಡುಗರೆಲ್ಲ ನೋಡಿ ಕಲೀತಿದ್ದಾರೆ. ಕಾಲಿಡೋಕೆ ಜಾಗ ಇಲ್ಲ.' ಬೆನ್ನಿನ ಸುತ್ತ ಯಾರೂ ಇರಲಿಲ್ಲ. ಫೋನು ಇಟ್ಟ ಮೇಲೂ ಆ ಬೆನ್ನು ಅಲ್ಲೇ ಬಹಳ ಹೊತ್ತು ನಿಂತಿತ್ತು. ಹೋಗಲು ಎಲ್ಲೂ ಇಲ್ಲದವರು ನಿಲ್ಲುವ ಹಾಗೆ. ನಾಚಿಕೆಯಾಗಬೇಕಿತ್ತು, ಅವನಿಗೆ ಆದದ್ದು ಬರೀ ಕುತೂಹಲ. ಯಾರಿದು ಎಂದು ಕೇಳಬೇಕೆನಿಸಿತು. ತನ್ನ ಬೆನ್ನು ಇಷ್ಟು ಬಾಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಕ್ಯಾಮೆರಾದ ಹಿಂದೆ ನಿಂತವನಿಗೆ ಅದನ್ನು ಯಾರು ಹೇಳಬೇಕು.

ನಿರ್ದೇಶಕ ತಟ್ಟೆ ಕೆಳಗಿಟ್ಟು, ಎಂಜಲು ಕೈಯನ್ನು ಹಿಂದಿಟ್ಟುಕೊಂಡು, ಇನ್ನೊಂದು ಕೈಯಿಂದ ಅವನ ಭುಜ ಹಿಡಿದ. "ತನ್ನನ್ನೇ ಹೀಗೆ ಬಯಲಿಗಿಡೋಕೆ ಎಂಥಾ ಧೈರ್ಯ ಬೇಕು ಸರ್. ಆಕ್ಷನ್ ಕಟ್ ಮಧ್ಯೆ ಇರೋದು ಸಿನಿಮಾ, ಉಳಿದದ್ದು ಸಂಸಾರ ಅಂದ್ರಿ. ಆಗ ನನಗೆ ಅರ್ಥ ಆಗ್ಲಿಲ್ಲ. ಸಂಸಾರಾನೇ ತೆಗೀಬೇಕು ಅಂತ ಹೇಳ್ತಿದ್ರಿ ನೀವು."

"ಇದೆಲ್ಲ ನಂಗೆ ತಿಳಿಯಲ್ಲ," ಎಂದರು ಮಾವ. ಪ್ಲಾಸ್ಟಿಕ್ ಕುರ್ಚಿಗಳ ವ್ಯಾಪಾರ ಅವರದು. "ಹೊರದೇಶದಲ್ಲಿ ಬಹುಮಾನ ಬರುತ್ತಾ?"

"ಬರುತ್ತೆ ಮಾವ."

"ಹಾಗಾದ್ರೆ ಇಪ್ಪತ್ತು ದಿನಾನೂ ಇವರೇ ಇರಲಿ." ಮಾವ ಅವನ ಕಡೆ ತಿರುಗಿ, "ಕೆಲಸದ ಟೆನ್ಷನ್‌ನಲ್ಲಿ ಬಾಯಿಗೆ ಬಂದಿದ್ದು ಅಂದಿರ್ತೀವಿ," ಎಂದರು.

"ಪರವಾಗಿಲ್ಲ," ಎಂದ ಅವನು. ಅಂದ ಮೇಲೆ ಗೊತ್ತಾಯಿತು, ಹೇಳಬೇಕಾಗಿದ್ದ ಮಾತಿನ ಜಾಗದಲ್ಲಿ ಈ ಮಾತು ಬಂದು ಕೂತಿದೆಯೆಂದು. ಇನ್ನು ಅದನ್ನು ಎಬ್ಬಿಸಲು ಬರುವುದಿಲ್ಲ.

ಅಡುಗೆಮನೆಯಲ್ಲಿ ಹಿರಿಯ ನಟಿ ಒಬ್ಬರೇ ಕೂತು ಮಾತ್ರೆ ನುಂಗುತ್ತಿದ್ದರು. ಕೇಳಿಬಿಡೋಣ, ಇನ್ನೊಂದು ಸಲ ಮಡಿಸಿ ಅಮ್ಮ ಎಂದುಬಿಡೋಣ ಎಂದು ಅವನು ಹತ್ತಿರ ಹೋದ. ಅಷ್ಟರಲ್ಲಿ ಅವರೇ ಕೇಳಿದರು.

"ಕಾಗದದ್ದು ಹೇಗೆ ಬಂತಪ್ಪಾ?"

ಅವನು ಎದುರಿನ ಕುರ್ಚಿ ಎಳೆದುಕೊಂಡ.

"ನಾನು ಆ ಟಿವಿಯಲ್ಲಿ ನೋಡೋದಿಲ್ಲ. ಕ್ಯಾಮೆರಾದವರ ಮುಖ ನೋಡ್ತೀನಿ. ಮೊದಲಿಂದ ಅದೇ ಅಭ್ಯಾಸ. ನೀನು ಕಣ್ಣು ಒರೆಸಿಕೊಂಡೆ, ನೋಡಿದೆ." ನೀರು ಕುಡಿದರು. "ಕೊನೇ ಮಡಿಕೆ ನಾನು ಅಂದುಕೊಂಡಿರಲಿಲ್ಲ. ತಾನಾಗಿ ಬಂತು. ಇನ್ನೊಂದು ಸಲ ಮಾಡು ಅಂದ್ರೆ ಬರಲ್ಲ ಬಿಡು. ಬಂತು ತಾನೇ?"

"ಬಂತು ಅಮ್ಮ," ಎಂದ ಅವನು. "ಒಂದೇ ಟೇಕ್."

ಆಕೆಗೆ ತೃಪ್ತಿಯಾಯಿತು. ಅವನಿಗೆ ಅಳು ಬಂತು, ಆದರೆ ಈ ಸಲ ಕಣ್ಣಿಗೆ ಇಟ್ಟುಕೊಳ್ಳಲು ಕಿಂಡಿ ಇರಲಿಲ್ಲ. ಕಿಂಡಿಯೊಳಗಿಂದ ಆ ಮೂರು ನಿಮಿಷವನ್ನು ನೋಡಿದವನು ಲೋಕದಲ್ಲಿ ತಾನೊಬ್ಬನೇ. ಬೆಳಕು ಗಲ್ಲದಿಂದ ಇಳಿಯಿತೋ, ಹಣೆಯಿಂದ ಇಳಿಯಿತೋ? ಮಡಿಕೆ ಐದಾಗಿತ್ತೋ ಆರೋ? ಈಗಲೇ ಗೊಂದಲವಾಗುತ್ತಿತ್ತು. ನಾಳೆ ಹೊತ್ತಿಗೆ ಅದು ನಡೆದೇ ಇರಲಿಲ್ಲ ಎಂದರೂ ಅವನ ಬಳಿ ಸಾಕ್ಷಿಯಿರಲಿಲ್ಲ.

ಮಧ್ಯಾಹ್ನ ನಿರ್ದೇಶಕ ಎಲ್ಲರನ್ನೂ ಅಡುಗೆಮನೆಗೆ ಕರೆದು ಹೊಸ ಪದ್ಧತಿ ವಿವರಿಸಿದ. ಆಕ್ಷನ್ ಅಂದಾಗ ನಟನೆ ನಡೆಯುತ್ತೆ, ಕ್ಯಾಮೆರಾ ಆಫ್ ಇರುತ್ತೆ. ಕಟ್ ಅಂದಾಗ ಕ್ಯಾಮೆರಾ ಆನ್ ಆಗುತ್ತೆ. ಆಗ ಯಾರೂ ಏನೂ ಮಾಡಬೇಡಿ, ಸುಮ್ಮನೆ ನೀವು ನೀವಾಗಿರಿ. ಇದು ಸರ್ ಅವರ ವಿಧಾನ. ಎಲ್ಲರೂ ಅವನ ಕಡೆ ತಿರುಗಿ ಗೌರವದಿಂದ ನೋಡಿದರು. ಹೆಂಡತಿಗೆ ಹೇಳಿದ್ದ ಸುಳ್ಳು ನಿಜವಾಗಿತ್ತು, ಕಾಲಿಡಲು ಜಾಗವಿರಲಿಲ್ಲ.

ಲ್ಯಾಬ್ ಮೇಡಂ ಹೊಸ ಕಾರ್ಡು ಹಾಕಿ, ಟೇಪನ್ನು ಉಗುರಿನಿಂದ ಕಿತ್ತು, ಆರಿಸಿದ್ದ ಅಂಕಿ ಅಕ್ಷರಗಳನ್ನೆಲ್ಲ ಮತ್ತೆ ಹೊತ್ತಿಸಿದರು. "ಇನ್ನು ನೀವೇನೂ ನೆನಪಿಟ್ಟುಕೊಳ್ಳೋದು ಬೇಡ," ಎಂದರು.

ಹಿರಿಯ ನಟಿ ಒಂದು ಲೋಟ ತೊಳೆದಿಟ್ಟರು. ಅದು ನಟನೆ; ಅದನ್ನು ಯಾರೂ ಹಿಡಿಯಲಿಲ್ಲ.

"ಕಟ್," ಎಂದ ನಿರ್ದೇಶಕ.

ಅವನು ಗುಂಡಿ ಒತ್ತಿದ. ದೀಪ ಹೊತ್ತಿತು. ಎಲ್ಲರೂ ಅದನ್ನು ನೋಡಿ, ನೋಡದವರಂತೆ ತಿರುಗಿಕೊಂಡರು.

ನಟಿ ಕುರ್ಚಿಯಲ್ಲಿ ಕೂತು ಆಕಳಿಸಿದರು. ಮೊಣಕಾಲು ನೀವಿಕೊಂಡರು, ಬಲಗಾಲು. ಬೆಳಗ್ಗೆ ನೋಯುತ್ತಿದ್ದದ್ದು ಎಡಗಾಲು. ಆದರೆ ಬೆಳಕಿಗಿದ್ದದ್ದು ಬಲಗಾಲು. ಮೇಕಪ್ಪಿನವನು ಪೌಡರ್ ಹಿಡಿದು ಬಂದ. ಊಟದ ನಂತರ ತಾನೂ ತಲೆ ಬಾಚಿ ಸ್ವಲ್ಪ ಬಳಿದುಕೊಂಡಿದ್ದ. ಸೌಂಡಿನವನು ಕಿವಿಯ ಮೇಲಿನ ಹೆಡ್‌ಫೋನು ತೆಗೆದು, ಬಿಡುವಾದವರು ಕೆರೆದುಕೊಳ್ಳುವ ಹಾಗೆ ಕತ್ತು ಕೆರೆದುಕೊಂಡ. ತುಸು ಬೇಗ ಮುಗಿಯಿತೆನಿಸಿ ಮತ್ತೆ ಕೆರೆದುಕೊಂಡ. ಮಾವ ಕಿಟಕಿಯ ಬಳಿ ಬಂದು ನಿಂತು ಯಾರಿಗೂ ಅಲ್ಲದೆ, "ಈ ಸರ್ ನಮಗೆ ಸಿಕ್ಕಿದ್ದೇ ಪುಣ್ಯ," ಎಂದರು. ನಿರ್ದೇಶಕ ಗಲ್ಲಕ್ಕೆ ಕೈಕೊಟ್ಟು ಕೂತಿದ್ದ. ಪಕ್ಕದಿಂದ ಅವನ ಗಡ್ಡ ಚೆನ್ನಾಗಿ ಕಾಣುತ್ತಿತ್ತು.

ನಿಲ್ಲಿಸು ಎಂದು ಯಾರಾದರೂ ಹೇಳಲಿ ಎಂದು ಅವನು ಕಾದ. ಕಟ್ ಎಂದು ಹೇಳಿಯಾಗಿತ್ತು. ಅದಕ್ಕಿಂತ ಆಚೆಗೆ ಯಾರ ಬಳಿಯೂ ಮಾತಿರಲಿಲ್ಲ. ಆಕ್ಷನ್ ಎಂದರೆ ನಿಲ್ಲುತ್ತದೇನೋ, ಆದರೆ ಆಗ ನಟಿ ಎದ್ದು ಲೋಟ ತೊಳೆಯಬೇಕು. ನಿರ್ದೇಶಕನಿಗೂ ಅದು ಈಗಷ್ಟೇ ಹೊಳೆದಿರಬೇಕು. ಗಲ್ಲದ ಕೈ ತೆಗೆಯಲಿಲ್ಲ. ಮೊದಲ ಸುತ್ತಿನ ವಿಶ್ರಾಂತಿ ಮುಗಿದು ಎಲ್ಲರೂ ಎರಡನೆಯ ಸುತ್ತು ಶುರುಮಾಡಿದರು. ನಟಿ ಮತ್ತೆ ಆಕಳಿಸಿದರು.

ಅವನ ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು. ಒತ್ತಿದರೆ ಆಯಿತು. ಆದರೆ ಆಗ ಏನಾಗುತ್ತದೆಂದು ಅವನಿಗೆ ತಿಳಿಯಲಿಲ್ಲ. ಇವರೆಲ್ಲ ಎದ್ದು ಎಲ್ಲಿಗೆ ಹೋಗುತ್ತಾರೆ, ಏನಾಗಿ ಹೋಗುತ್ತಾರೆ. ಅವನ ಇನ್ನೊಂದು ಕೈ ಸೊಂಟದ ಮೇಲಿತ್ತು, ಬೆನ್ನು ಆದಷ್ಟು ನೇರವಾಗಿತ್ತು. ಯಾರೂ ನೋಡದಾಗ ತಾನು ಹೇಗೆ ನಿಲ್ಲುತ್ತಿದ್ದೆ ಎಂದು ನೆನೆದುಕೊಳ್ಳಲು ನೋಡಿದ. ಬರಲಿಲ್ಲ.

ಫಿಲಂ ಆಗಿದ್ದರೆ ನಾಲ್ಕು ನಿಮಿಷಕ್ಕೆ ಸುರುಳಿ ಮುಗಿದು, ಬಾಲ ಪಟಪಟನೆ ಬಡಿದುಕೊಂಡು, ಪ್ರಪಂಚ ತಾನಾಗಿಯೇ ಬಿಡುಗಡೆ ಕೊಡುತ್ತಿತ್ತು. ಅವನು ಕಿವಿಯಿಟ್ಟು ಕೇಳಿದ. ಯಂತ್ರದಲ್ಲಿ ಸದ್ದಿಲ್ಲ. ಕಿಂಡಿಯ ಮೂಲೆಯಲ್ಲಿ ಕಾರ್ಡಿನ ಲೆಕ್ಕ ಇಳಿಯುತ್ತಿತ್ತು: ಇನ್ನೂ ಮೂರು ಗಂಟೆ ಮೂವತ್ತೊಂದು ನಿಮಿಷ. ಅಡುಗೆಮನೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ದಣಿವಾರಿಸಿಕೊಳ್ಳುತ್ತಿದ್ದರು.